ಇನ್ನೂರಕ್ಕೆ ಹನ್ನೆರಡು ಕಡಿಮೆ

ಪೈನ್ ಫೋರ್ಕ್, ಒಕ್ಲಹೋಮ
ನವೆಂಬರ್ 9, ಶನಿವಾರ

ಪ್ರೀತಿಯ ಅಣ್ಣ ವೇಡ್‌ಗೆ,

ನಿನ್ನ ಕಾಗದ ಬಂದು ಐದು ವಾರವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬಯ್ಯಬೇಡ. ಬರೆಯಲು ಕುಳಿತಾಗಲೆಲ್ಲ ನೀನು ಕೇಳಿದ ಆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಿದ್ದೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತು ಇದೆ.

ಮೊದಲು ಮನೆಯ ಸುದ್ದಿ. ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ಈಗಲೂ ಬೆಳಿಗ್ಗೆ ಐದಕ್ಕೆ ಎದ್ದು ಶಾಲೆಯ ಅಡುಗೆಮನೆಗೆ ಹೋಗಿ ಮುನ್ನೂರು ಮಕ್ಕಳಿಗೆ ಬನ್ನಿನ ಹಿಟ್ಟು ನಾದುತ್ತಾಳೆ. ನಾನು ಗ್ರಂಥಾಲಯದಲ್ಲಿ ವಾರಕ್ಕೆ ಮೂರು ದಿನ ಪುಸ್ತಕ ಜೋಡಿಸುತ್ತೇನೆ. ಸಾಹಿತ್ಯ ಓದಿದವಳಿಗೆ ಊರಿನಲ್ಲಿ ಸಿಕ್ಕ ಕೆಲಸ ಅದೇ. ಯಾರ ಜೊತೆಗೂ ಹೆಚ್ಚು ಮಾತಾಡಬೇಕಾಗಿಲ್ಲ, ಹಾಗಾಗಿ ನನಗೆ ಇಷ್ಟ.

ಇನ್ನು ನಿನ್ನ ಪ್ರಶ್ನೆ. "ಅಮ್ಮ ಪಿಸ್ತೂಲು ತಗೊಂಡಿದ್ದಾಳಂತೆ. ನನಗೆ ಹೆದರಿ ತಗೊಂಡಿದ್ರೆ ನೇರ ಹೇಳಿಬಿಡು. ಇಲ್ಲಿಂದ ಬಿಟ್ಟ ದಿನವೇ ಟಲ್ಸಾ ಬಸ್ ಹತ್ತಿ ಹೋಗ್ತೀನಿ, ಆ ಮನೆಗೆ ಕಾಲಿಡಲ್ಲ" ಎಂದು ಬರೆದಿದ್ದೆ. ನೀನು ಕೇಳಿದ ಸುದ್ದಿ ನಿಜ. ಚಟ ಬಿಡಿಸುವ ಚಿಕಿತ್ಸಾ ಕೇಂದ್ರದಿಂದ ನಿನ್ನ ಬಿಡುಗಡೆಯ ದಿನ ತಿಳಿಸುವ ಕಾಗದ ಬಂದದ್ದು ಆಗಸ್ಟಿನಲ್ಲಿ, ಪಿಸ್ತೂಲು ಬಂದದ್ದು ಸೆಪ್ಟೆಂಬರಿನಲ್ಲಿ. ಎರಡು ಚಳಿಗಾಲದ ಹಿಂದೆ ನೀನು ಹಿಂಬಾಗಿಲಿನ ಗಾಜು ಒಡೆದು ಅಪ್ಪನ ಗಡಿಯಾರ ತೆಗೆದುಕೊಂಡು ಹೋದದ್ದನ್ನು ಊರು ಇನ್ನೂ ಮರೆತಿಲ್ಲ. ಯಾರು ಏನು ಅಂದುಕೊಂಡಿರುತ್ತಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಅಂಗಡಿಗೆ ನಾನೂ ಹೋಗಿದ್ದೆ. ಅಮ್ಮ ಆರಿಸಿದ್ದು ಕೋಟಿನ ಜೇಬಿನಲ್ಲಿ ಇಟ್ಟರೆ ಗೊತ್ತಾಗದಂಥ ಪುಟ್ಟ ಪಿಸ್ತೂಲು. ಒಂದು ಸಲಕ್ಕೆ ಆರು ತೋಟಾ. ಅಮ್ಮನ ಕೈ ನಿನಗೆ ನೆನಪಿದೆಯಲ್ಲ, ಅವಳ ಎರಡು ಬೆರಳು ಹಿಡಿಕೆಯಿಂದ ಹೊರಗೇ ಉಳಿದವು. ಅಂಗಡಿಯವನು, "ಇದು ನಿಮ್ಮ ಕೈಗೆ ಆಟದ ಸಾಮಾನು ಆಗೋಯ್ತಲ್ಲಮ್ಮಾ, ಸ್ವಲ್ಪ ದೊಡ್ಡದು ನೋಡಿ" ಅಂದ. ಅಮ್ಮ, "ಚಿಕ್ಕದೇ ಬೇಕು" ಎಂದಳು, ಅಷ್ಟೆ.

ಹೊಸ ಪಿಸ್ತೂಲನ್ನು ಹಾಗೇ ಚೀಲದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದವರು ಹೊಲಿಸ್ ಅಜ್ಜ. ಶಾಲೆಯ ಬಸ್ ಓಡಿಸುವಾಗ ನಿನ್ನನ್ನು ಮೂರು ಸಲ ಕೆಳಗಿಳಿಸಿದವರು, ಅವರೇ. ಅವರ ಹುಲ್ಲುಗಾವಲಿನ ಹಿಂದಿನ ಜಲ್ಲಿಗುಂಡಿಯಲ್ಲಿ ಪ್ರತಿ ಶನಿವಾರ ನಮ್ಮ ಅಭ್ಯಾಸ. "ಹೊಸ ಬೂಟಿನ ಹಾಗೇ ಇದು. ಚಿಕ್ಕದಿದ್ದಷ್ಟೂ ಸ್ಪ್ರಿಂಗ್ ಬಿಗಿ, ಹಠ ಜಾಸ್ತಿ. ಪಳಗಿಸ್ಬೇಕು" ಅಂದರು. ಅವರ ನಿಯಮ ಒಂದೇ: ಒಂದರ ಹಿಂದೊಂದು ಇನ್ನೂರು ಗುಂಡು ತಡೆಯಿಲ್ಲದೆ ಹಾರಬೇಕು. ನಡುವೆ ಒಮ್ಮೆ ಸಿಕ್ಕಿಕೊಂಡರೂ ಲೆಕ್ಕ ಮತ್ತೆ ಸೊನ್ನೆಯಿಂದ. ಇನ್ನೂರು ಮುಗಿಯುವ ತನಕ ಅದು ಅವರ ಬೀರುವಿನಲ್ಲಿ, ಮುಗಿದ ದಿನ ಅಮ್ಮನ ಕೈಚೀಲದಲ್ಲಿ.

ಅಮ್ಮ ಗುಂಡು ಹಾರಿಸುತ್ತಿದ್ದಳು. ನಾನು ಕಾಲೇಜಿನ ಹಳೆಯ ನೋಟ್ ಪುಸ್ತಕದಲ್ಲಿ, ಕವಿತೆಗಳ ಟಿಪ್ಪಣಿಯ ಪಕ್ಕದಲ್ಲೇ, ಗೆರೆ ಎಳೆಯುತ್ತಿದ್ದೆ. ಮೊದಲ ದಿನ ಮೂರು ಸಲ ಸಿಕ್ಕಿಕೊಂಡಿತು. ಖಾಲಿ ತೋಟಾ ಹೊರಗೆ ಹಾರಿ ಬೀಳದೆ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತುಬಿಡುತ್ತಿತ್ತು. ಹೊಸದು ಹಾಗೇ ಎಂದು ಅಜ್ಜ ಎಣ್ಣೆ ಹಾಕಿಕೊಟ್ಟರು. ಆಮೇಲೆ ಸಲೀಸಾಗಿ ನಡೆಯಿತು. ನೂರು ದಾಟಿತು. ನೂರಾ ನಲವತ್ಮೂರಕ್ಕೆ ಮತ್ತೆ ಹೊಗೆಕೊಳವೆ. ಸೊನ್ನೆ.

ನಿನ್ನ ಕಾಗದ ಬಂದದ್ದು ಆ ವಾರ. ಅಮ್ಮನಿಗೆ ಓದಿ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು.

ಮತ್ತೆ ಮೊದಲಿನಿಂದ ಎಣಿಸಿದೆವು. ಹೋದ ಶನಿವಾರ ನೂರಾ ಎಂಬತ್ತು ದಾಟಿತು. ಇನ್ನು ಹತ್ತು ನಿಮಿಷಕ್ಕೆ ಅದು ಕೈಚೀಲದೊಳಗೆ ಇರುತ್ತದೆ, ಆಮೇಲೆ ನೀನು ಟಲ್ಸಾದಲ್ಲಿ ಇರುತ್ತೀಯ ಎಂದುಕೊಂಡೆ. ನೂರಾ ಎಂಬತ್ತೆಂಟು ಗೆರೆ ಎಳೆದು ತಲೆಯೆತ್ತಿದೆ. ಅಮ್ಮ ಗುರಿಯನ್ನು ನೋಡುತ್ತಿರಲಿಲ್ಲ, ತನ್ನ ಕೈಯನ್ನು ನೋಡುತ್ತಿದ್ದಳು. ಪಿಸ್ತೂಲಿನ ಕುದುರೆ ಒತ್ತುವ ಮೊದಲು ಅವಳ ಮಣಿಕಟ್ಟು ಒದ್ದೆ ಟವೆಲಿನ ಹಾಗೆ ಕೆಳಗೆ ಜೋತುಬಿತ್ತು. ಗುಂಡು ಹಾರಿತು, ತೋಟಾ ಸಿಕ್ಕಿಕೊಂಡಿತು.

"ಅಯ್ಯೋ, ಮತ್ತೆ!" ಎಂದಳು ಅಮ್ಮ. ಅವಳಿಗೆ ನಟನೆ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಅಜ್ಜ ಪಿಸ್ತೂಲು ಇಸಿದುಕೊಂಡು ತಾವೇ ಹದಿನೆಂಟು ಗುಂಡು ಹಾರಿಸಿದರು. ಒಂದೂ ನಿಲ್ಲಲಿಲ್ಲ.

"ಪಿಸ್ತೂಲಿಗೆ ಏನೂ ಆಗಿಲ್ಲ ವರ್ನಾ. ಹಿಡಿಯೋ ಕೈ ಗಟ್ಟಿ ನಿಂತ್ರೆ ತಾನೇ ಖಾಲಿ ತೋಟಾ ಆಚೆ ಬೀಳೋದು? ನಿನ್ನ ಮಣಿಕಟ್ಟು ಸಡಿಲ."

"ವಯಸ್ಸಾಯ್ತಲ್ಲ."

"ವಯಸ್ಸಂತೆ! ಮೊನ್ನೆ ಚರ್ಚಿನಲ್ಲಿ ನಾಲ್ಕು ಜನ ಗಂಡಸರು ತೆಗೆಯೋಕಾಗದೆ ಬಿಟ್ಟ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದೋರು ಯಾರು? ನನ್ನ ಹೆಂಡ್ತಿನಾ?"

"ಜಾಡಿ ಬೇರೆ, ಇದು ಬೇರೆ" ಎಂದು ಅಮ್ಮ ಟೋಪಿ ಸರಿಮಾಡಿಕೊಂಡಳು. "ಇದನ್ನ ನಂಬಿಕೊಂಡು ಓಡಾಡೋಕಾಗಲ್ಲ ಹೊಲಿಸ್. ನಿನ್ನದೇ ನಿಯಮ. ಇನ್ನೂರು ಆಗ್ಲಿಲ್ಲ."

ಅಜ್ಜ ಅವಳನ್ನು ನೋಡಿದರು, ನನ್ನನ್ನು ನೋಡಿದರು, ನೆಲದ ಮೇಲೆ ಬಿದ್ದ ತೋಟಾ ಹೆಕ್ಕತೊಡಗಿದರು. "ಹೌದು, ನಿಯಮ ನಿಯಮವೇ" ಎಂದರು.

ಟ್ರಕ್ಕಿನಲ್ಲಿ ಬರುವಾಗ ನಾನೇ ಬಾಯಿ ಬಿಟ್ಟೆ. "ಅಮ್ಮಾ, ನೀನು ಬೇಕಂತಲೇ ಕೈ ಬಿಟ್ಟೆ."

"ನೋಡಿದ್ಯಾ?"

"ನೋಡಿದೆ."

"ನಿನ್ನ ಕಣ್ಣು ತಪ್ಪಿಸಿ ಏನೂ ಮಾಡೋಕಾಗಲ್ಲ ಈ ಮನೇಲಿ" ಎಂದು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ, "ನೂರಾ ಎಂಬತ್ತೆಂಟರ ತನಕ ನನಗೂ ಗೊತ್ತಿರ್ಲಿಲ್ಲ ಕಂದಾ" ಎಂದಳು.

ನಿನ್ನೆ ಅದನ್ನು ಅಂಗಡಿಗೆ ಹಿಂತಿರುಗಿಸಿದೆವು. ಅದರ ಬದಲಿಗೆ ಅಮ್ಮ ಏನು ತಂದಳು ಹೇಳು? ಮೀನು ಹಿಡಿಯುವ ಗಾಳದ ಕೋಲು. ನೀನು ಮಾರಿಕೊಂಡ ಅಪ್ಪನ ಕೋಲಿನಷ್ಟು ಒಳ್ಳೆಯದಲ್ಲ, ಆದರೂ ಹೊಸದು. ನಿನ್ನ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದಾಳೆ. ಅದನ್ನು ಪಳಗಿಸುವ ಕೆಲಸ ನಿನ್ನದಂತೆ.

ಹಾಗಾಗಿ ಅಣ್ಣ, ಟಲ್ಸಾ ಬಸ್ಸಿನ ಮಾತು ಬಿಡು. ಇಪ್ಪತ್ತಮೂರಕ್ಕೆ ನಿನ್ನನ್ನು ಕರೆದೊಯ್ಯಲು ನಾವಿಬ್ಬರೂ ಟ್ರಕ್ ತರುತ್ತೇವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಮ್ಮ ಗೆಣಸಿನ ಪೈ ಎರಡು ಮಾಡುತ್ತಾಳಂತೆ, ಒಂದು ನಿನಗೊಬ್ಬನಿಗೇ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಿದೆ. ನಿನ್ನೆ ಬಹಳ ದಿನದ ಮೇಲೆ ಅಮ್ಮ ಒಲೆಯ ಮುಂದೆ ಗುನುಗಿಕೊಳ್ಳುತ್ತಿದ್ದಳು.

ಚರ್ಚಿನ ಪ್ರಾರ್ಥನೆಯಲ್ಲಿ ಅವಳು ನಿನ್ನ ಹೆಸರನ್ನು ಈಗ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ನಿನ್ನ ತಲೆ ಸವರಿದ್ದಾಳೆಂದು ಬರೆ ಎಂದಳು. ಬರೆದಿದ್ದೇನೆ. ದೇವರು ನಿನ್ನನ್ನು ಈ ಎರಡು ವಾರವೂ ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿ,
ಲೀಡಿಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಾನು ಬರೀ ಗೆರೆ ಎಳೆಯುತ್ತಿದ್ದೆ ಎಂದದ್ದು ಸುಳ್ಳು. ಆ ಗೆರೆಗಳಲ್ಲಿ ಅರ್ಧ ನಾನು ಹಾರಿಸಿದ್ದು. ನನ್ನ ಕೈಯಲ್ಲಿ ಅದು ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಆ ಪುಟ್ಟ ಹಿಡಿಕೆ ನನ್ನ ಕೈಯ ಅಳತೆಯದು. ನಿನ್ನ ಬಿಡುಗಡೆಯ ಕಾಗದ ಬಂದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಅಮ್ಮ ಪಿಸ್ತೂಲು ಕೊಂಡಳು. ಹೆದರಿದ್ದವಳು ನಾನು.

ಗಾಜು ಒಡೆದ ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ ಎಂದು ನೀನು ತಿಳಿದಿದ್ದೀಯ. ನಾನು ಕಾಲೇಜಿನ ರಜೆಗೆ ಬಂದಿದ್ದೆ. ಉಗ್ರಾಣದ ಬಾಗಿಲ ಹಿಂದೆ ಹಿಟ್ಟಿನ ಚೀಲಗಳ ಮೇಲೆ ಕುಳಿತಿದ್ದೆ. ನೀನು ಹೋಗುವ ಮೊದಲು "ಲಿಡೀ, ಇದ್ದೀಯಾ?" ಎಂದು ಎರಡು ಸಲ ಕರೆದೆ. ನಾನು ಬಾಯಿಗೆ ಕೈ ಒತ್ತಿಕೊಂಡು ಸುಮ್ಮನಿದ್ದೆ.

ಇಪ್ಪತ್ತಮೂರಕ್ಕೆ ಮನೆಯ ಮುಂಬಾಗಿಲಿಗೆ ನೀನೇ ಮೊದಲು ಹೋಗು. ಒಳಗೆ ಹೋದ ಕೂಡಲೇ ಇನ್ನೊಂದು ಸಲ ಹಾಗೇ ಕರೆ. ಓಗೊಡುತ್ತೇನೆ.