ಚೌಕಟ್ಟಿನ ಬುಡದಲ್ಲಿದ್ದ ಸೀಮೆಸುಣ್ಣದ ಗುರುತು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ನರ್ಸಮ್ಮನಿಗೆ ನಿಮ್ಮ ಕಚೇರಿಯಿಂದ ಇಪ್ಪತ್ಮೂರು ದಿನಗಳ ಅಂತರದಲ್ಲಿ ಎರಡು ಕಾಗದಗಳು ಬಂದಿವೆ. ಮೊದಲನೆಯದು, ಅವರ ನಿಸ್ವಾರ್ಥ ಸೇವೆಯನ್ನು ಕೊಂಡಾಡುವ ಪ್ರಶಸ್ತಿಪತ್ರ. ಎರಡನೆಯದು, ಕರ್ತವ್ಯಲೋಪಕ್ಕಾಗಿ ಅವರನ್ನು ಏಕೆ ಅಮಾನತಿನಲ್ಲಿಡಬಾರದು ಎಂದು ಕೇಳುವ ನೋಟಿಸು. ಎರಡರ ಕೆಳಗೂ ತಮ್ಮದೇ ಸಹಿ. ಈ ಎರಡನೆಯ ಕಾಗದವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲು ನಾನು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಪತ್ರಿಕೆಯಲ್ಲಿ ಬಂದರೆ ಓದುತ್ತೀರೇನೋ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಆಸೆಯೇನಲ್ಲ.

ನಾನು ಬೋರ್ಡ್ ಬರೆಯುವವನು. ಶುಶ್ರೂಷಕಿಯರ ಸನ್ಮಾನ ಸಮಾರಂಭಕ್ಕೆ ಬಟ್ಟೆಯ ಬ್ಯಾನರ್ ಬರೆದವನು ನಾನೇ. ನಿಮ್ಮ ಹೆಸರು ಒಂದು ಅಡಿ ಎತ್ತರ, ಅತಿಥಿಗಳ ಹೆಸರು ಅರ್ಧ ಅಡಿ ಎಂದು ಅಳತೆ ಕೊಟ್ಟಿದ್ದರು. ಅತಿಥಿಗಳೇ ಹದಿನಾಲ್ಕು ಜನ. ಅಷ್ಟು ಬರೆಯುವ ಹೊತ್ತಿಗೆ ಬಟ್ಟೆ ಮುಗಿಯುತ್ತ ಬಂತು. ನಿಮ್ಮ ಗುಮಾಸ್ತರನ್ನು ಕೇಳಿದೆ.

"ಸಾರ್, ನರ್ಸಮ್ಮಂದಿರ ಹೆಸರು ಎಲ್ಲಿ ಹಾಕ್ಲಿ?"

"ಅವರು ಹನ್ನೊಂದು ಜನ ಇದಾರಪ್ಪ. ಕೆಳಗೆ 'ಹಾಗೂ ಶುಶ್ರೂಷಕಿಯರು' ಅಂತ ಬರಿ, ಸಾಕು."

ಬರೆದೆ. ಸನ್ಮಾನ ಯಾರಿಗೆ ಎಂದು ದೂರದಿಂದ ಓದಿದವರಿಗೆ ತಿಳಿಯುವಂತಿರಲಿಲ್ಲ. ಆದರೆ ನನ್ನ ತಕರಾರು ಬ್ಯಾನರಿನದಲ್ಲ. ಅಕ್ಷರ ಚಿಕ್ಕದಾದರೆ ಯಾರ ಜೀವಕ್ಕೂ ಕುತ್ತಿಲ್ಲ.

ನನಗೆ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಬಲಗಾಲಿನ ಪಾದದಲ್ಲಿ ಹುಣ್ಣಾಗಿ, ಎರಡು ಬೆರಳು ತೆಗೆಯಬೇಕಾಗಬಹುದು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನರ್ಸಮ್ಮ ಏಳು ತಿಂಗಳು ದಿನ ಬಿಟ್ಟು ದಿನ ಬಂದು, ನಮ್ಮ ನಡುಮನೆಯ ನೆಲದ ಮೇಲೆ ಕೂತು, ನನ್ನ ಪಾದವನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಗಾಯ ತೊಳೆದು ಪಟ್ಟಿ ಕಟ್ಟಿದರು. ನನ್ನ ಹೆಂಡತಿಯೇ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ ಗಾಯ ಅದು. "ಅಣ್ಣ, ಚಪ್ಪಲಿ ಇಲ್ದೆ ಹೊರಗೆ ಕಾಲಿಟ್ರೆ ನಾನಿನ್ನು ಬರಲ್ಲ ನೋಡಿ" ಎಂದು ಗದರುತ್ತಿದ್ದರು. ನಾನು ಕಾಲಿಟ್ಟೆ. ಅವರು ಬಂದರು. ಇವತ್ತು ಹತ್ತು ಬೆರಳೂ ನೆಟ್ಟಗಿವೆ, ಏಣಿ ಹತ್ತುತ್ತೇನೆ. ಕತ್ತರಿಸದೇ ಉಳಿದ ಬೆರಳುಗಳನ್ನು ನಿಮ್ಮ ಮಾಸಿಕ ವರದಿಯ ಯಾವ ಕಾಲಂನಲ್ಲಿ ತುಂಬುತ್ತಾರೆ, ಸ್ವಾಮಿ?

ಈಗ ಮುಖ್ಯ ವಿಷಯ. ಪ್ರತಿ ತಿಂಗಳ ಕೊನೆಯ ವಾರ ನರ್ಸಮ್ಮಂದಿರ ರಿಜಿಸ್ಟರುಗಳನ್ನು ಪರಿಶೀಲನೆಗೆಂದು ನಿಮ್ಮ ಕಚೇರಿಗೆ ತರಿಸಿಕೊಳ್ಳುತ್ತೀರಿ. ಆ ಒಂದು ವಾರ ಅವರು ಏನು ನೋಡಿಕೊಂಡು ಮನೆ ಮನೆ ಸುತ್ತಬೇಕು ಎಂದು ಯೋಚಿಸಿದ್ದೀರಾ? ಅವರು ಯೋಚಿಸಿದ್ದಾರೆ. ಬಾಗಿಲ ಚೌಕಟ್ಟಿನ ಬುಡದಲ್ಲಿ, ಮನೆಯವರಿಗೆ ಕಿರಿಕಿರಿಯಾಗದಂತೆ, ಸೀಮೆಸುಣ್ಣದಲ್ಲಿ ಸಣ್ಣ ಗುರುತು ಹಾಕುತ್ತಾರೆ. ಬಸುರಿ ಇರುವ ಮನೆಗೆ ಒಂದು ಸೊನ್ನೆ. ಹಸಿ ಬಾಣಂತಿಯಿದ್ದರೆ ಸೊನ್ನೆಯೊಳಗೊಂದು ಗೆರೆ. ನನ್ನಂಥ ಗಾಯದವರಿಗೆ ಕತ್ತರಿ ಗುರುತು. ಪಕ್ಕದಲ್ಲಿ ಮುಂದೆ ಬರಬೇಕಾದ ತಾರೀಖು. ಒಬ್ಬರು ರಜೆ ಹಾಕಿದರೆ ಪಕ್ಕದ ಬಡಾವಣೆಯ ನರ್ಸಮ್ಮ ಬಂದು ಅದನ್ನೇ ಓದಿಕೊಂಡು ಕೆಲಸ ಮಾಡುತ್ತಾರೆ. ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ. ನಿಮ್ಮ ಯಾವ ಸುತ್ತೋಲೆಯಲ್ಲೂ ಇದು ಇಲ್ಲ.

ಸಮಾರಂಭ ಬಂದದ್ದು ಸರಿಯಾಗಿ ಅಂಥ ಒಂದು ವಾರದಲ್ಲಿ. ನೀವು ನಮ್ಮ ಬೀದಿಯಲ್ಲಿ ನಡೆದು ಬರುತ್ತೀರೆಂದು ಅರವತ್ತೆಂಟು ಬಾಗಿಲ ಚೌಕಟ್ಟುಗಳಿಗೆ ನೀಲಿ ಎಣ್ಣೆಬಣ್ಣ ಬಳಿಯುವ ಕೆಲಸ ನನಗೆ ಸಿಕ್ಕಿತು. ಆ ಗುರುತುಗಳು ನನಗೆ ಗೊತ್ತಿದ್ದವು. ಗೊತ್ತಿರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ನನ್ನ ಮನೆಯ ಚೌಕಟ್ಟಿನಲ್ಲೂ ಏಳು ತಿಂಗಳು ಒಂದಿತ್ತು.

"ಸಾರ್, ಇವು ನರ್ಸಮ್ಮನ ಗುರುತು" ಎಂದೆ.

"ಎಲ್ಲ ರಿಜಿಸ್ಟರ್‌ನಲ್ಲಿ ಇರುತ್ತೆ. ನೀನು ಬಳಿ" ಎಂದರು ನಿಮ್ಮ ಗುಮಾಸ್ತರು.

ರಿಜಿಸ್ಟರ್ ಅವರದೇ ಮೇಜಿನ ಮೇಲೆ ಬಿದ್ದಿದೆ ಎಂದು ನನಗೆ ತಿಳಿದಿರಲಿಲ್ಲ. ಅವರಿಗೆ ತಿಳಿದಿರಬೇಕಿತ್ತು. ಬಳಿದೆ.

ನಾನು ಬಣ್ಣ ಬಳಿದ ಎರಡು ದಿನ ನರ್ಸಮ್ಮ ಬೀದಿಯಲ್ಲೇ ಇರಲಿಲ್ಲ. ವೇದಿಕೆ ಹತ್ತುವುದು ಹೇಗೆ, ನಿಮ್ಮ ಕೈಯಿಂದ ಪ್ರಶಸ್ತಿಪತ್ರ ತೆಗೆದುಕೊಂಡು ಫೋಟೋಗೆ ಯಾವ ಕಡೆ ತಿರುಗುವುದು ಎಂದು ಹನ್ನೊಂದೂ ಜನಕ್ಕೆ ಸರದಿಯ ಮೇಲೆ ತಾಲೀಮು ನಡೆಯುತ್ತಿತ್ತು. ಇವರ ಸರದಿಯ ಮೊದಲ ದಿನ ಪಕ್ಕದ ಬಡಾವಣೆಯವರು ಬಂದು, ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಡಿಯವನ ತಂಗಿಯನ್ನು ಕಂಡರು. ಹೆರಿಗೆಯಾಗಿ ನಾಲ್ಕನೇ ದಿನ ಅಣ್ಣನ ಮನೆಗೆ ಬಂದಿಳಿದಿದ್ದವಳು. ಕೂಸನ್ನು ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಬೇಕೆಂದು ಚೌಕಟ್ಟಿನ ಮೇಲೆ ಸೊನ್ನೆ, ಗೆರೆ, ತಾರೀಖು ಬರೆದು ಹೋದರು. ಮರುದಿನ ನಾನು ಅದರ ಮೇಲೆ ಕುಂಚ ಎಳೆದೆ.

ಪಕ್ಕದ ಬಡಾವಣೆಯವರಿಗೆ ಫೋನ್ ಮಾಡಿ ಯಾಕೆ ತಿಳಿದುಕೊಳ್ಳಲಿಲ್ಲ ಎಂದು ನಿಮ್ಮ ನೋಟಿಸು ಕೇಳುತ್ತದೆ. ಮಾಡಬಹುದಿತ್ತು. ಹನ್ನೆರಡು ವರ್ಷ ಬಾಗಿಲೇ ಹೇಳುತ್ತಿದ್ದುದರಿಂದ ಯಾರಿಗೂ ಹೊಳೆಯಲಿಲ್ಲ. ಅವರ ತಪ್ಪು ಏನಾದರೂ ಇದ್ದರೆ ಅಷ್ಟೇ.

ತಾರೀಖು ದಾಟಿ ಎರಡು ದಿನವಾಗಿತ್ತು. ನರ್ಸಮ್ಮ ಬೇರೆ ಮನೆಗೆ ಹೋಗುತ್ತ ಇಸ್ತ್ರಿ ಅಂಗಡಿಯ ಮುಂದೆ ಹಾದರು. ಅಂಗಡಿಯವನು ಹೆಮ್ಮೆಯಿಂದ ಹೇಳಿದ: "ಸಿಸ್ಟರ್, ನನ್ನ ತಂಗಿ ಮಗು ತುಂಬಾ ಜಾಣ. ಎರಡು ದಿನದಿಂದ ಅಳೋದೇ ಇಲ್ಲ, ಸುಮ್ನೆ ಮಲಗಿರುತ್ತೆ."

ನಾನು ಎದುರಿನ ಗೋಡೆಯ ಮೇಲೆ ಬರೆಯುತ್ತಿದ್ದೆ. ಐವತ್ತು ದಾಟಿದ ಆ ಹೆಂಗಸು ಚೀಲ ಅಲ್ಲೇ ಬಿಟ್ಟು ಓಡಿದ್ದನ್ನು ಕಣ್ಣಾರೆ ಕಂಡೆ. ಕೂಸಿನ ಮೈ, ಕಣ್ಣಿನ ಬಿಳಿ ಎಲ್ಲ ಹಳದಿಯಾಗಿತ್ತಂತೆ, ಹಾಲು ಚೀಪುವ ಶಕ್ತಿಯೂ ಇರಲಿಲ್ಲವಂತೆ. ಅವರೇ ಎತ್ತಿಕೊಂಡು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದರು. ಒಂಬತ್ತು ದಿನ ಅಲ್ಲಿದ್ದು ಮಗು ಮನೆಗೆ ಬಂದಿದೆ. ಈಗ ಇಡೀ ಬೀದಿಗೆ ಕೇಳುವಂತೆ ಅಳುತ್ತದೆ. ಇನ್ನೊಂದು ದಿನ ತಡವಾಗಿದ್ದರೆ ಎಂದು ಅಲ್ಲಿನ ಡಾಕ್ಟರು ಮಾತು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರಂತೆ. ನನಗೆ ನಿದ್ದೆ ಕೆಡಿಸಿದ್ದು ಆ ಅರ್ಧ ಮಾತು.

ನಿಮ್ಮ ವಿಚಾರಣೆಯಲ್ಲಿ ಇದೆಲ್ಲ ಹೇಳಲು ಹೋದೆ. ಪೇಂಟರ್ ಹೇಳಿಕೆಗೆ ನಮೂನೆಯಲ್ಲಿ ಜಾಗವಿಲ್ಲ ಎಂದರು. ನರ್ಸಮ್ಮನ ಹತ್ತಿರ ಹೋದೆ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ನೋಟಿಸಿಗೆ ಉತ್ತರ ಬರೆಯುತ್ತ ಕೂತಿದ್ದರು. ಅದರಲ್ಲಿ ನನ್ನ ಸುದ್ದಿಯೇ ಇರಲಿಲ್ಲ.

"ನನ್ನ ಹೆಸರು ಬರೀರಿ" ಎಂದೆ.

"ನೀವು ಹೊಟ್ಟೆಪಾಡಿಗೆ ಬಳಿದ್ರಿ ಅಣ್ಣ. ಅದಿರ್ಲಿ, ಆ ಬಣ್ಣದ ಮೇಲೆ ಚಾಕ್ ಹಿಡೀತಾನೇ ಇಲ್ಲ, ಜಾರುತ್ತೆ. ಏನಾದ್ರೂ ಉಪಾಯ ಇದ್ಯಾ?"

ಕೆಲಸ ಹೋಗುವ ಹೊತ್ತಿನಲ್ಲಿ ಅವರು ಕೇಳಿದ್ದು ಇದನ್ನು. ನನಗೆ ನಾಚಿಕೆಯಾಯಿತು. ತಮಗೂ ಸ್ವಲ್ಪ ಆಗಲಿ ಎಂದು ಬಯಸುತ್ತೇನೆ.

ಬರುವ ಸೋಮವಾರ ಉತ್ತರಕ್ಕೆ ಕೊನೆಯ ದಿನ. ಅಷ್ಟರೊಳಗೆ ಆ ನೋಟಿಸನ್ನು ವಾಪಸ್ ಪಡೆಯಿರಿ. ಯಾರಿಗಾದರೂ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ, ವಿಳಾಸ ನಿಮ್ಮ ಗುಮಾಸ್ತರ ಬಳಿ ಇದೆ. ರಿಜಿಸ್ಟರನ್ನು ಅವರ ಕೈಯಲ್ಲೇ ಬಿಡಿ. ನೋಡಬೇಕೆನಿಸಿದರೆ ಒಂದು ದಿನ ಅವರ ಹಿಂದೆ ನಡೆದು ನೋಡಿ. ಮತ್ತೊಂದು ಸನ್ಮಾನ ಮಾತ್ರ ದಯವಿಟ್ಟು ಬೇಡ, ನಮ್ಮ ಬೀದಿ ಅದನ್ನು ತಾಳುವುದಿಲ್ಲ.

ಉಪ್ಪುಕಾಗದ ಹಿಡಿದು ಅರವತ್ತೆಂಟು ಚೌಕಟ್ಟುಗಳ ಬುಡದಲ್ಲೂ ಅಂಗೈಯಗಲ ಬಣ್ಣ ಉಜ್ಜಿ ತೆಗೆದಿದ್ದೇನೆ. ನೋಡಲು ಚೆನ್ನಾಗಿಲ್ಲ. ನಿನ್ನೆ ಸಂಜೆ ಇಸ್ತ್ರಿ ಅಂಗಡಿಯ ಹಿಂಬಾಗಿಲಿನಲ್ಲಿ ನರ್ಸಮ್ಮ ಸೊನ್ನೆ ಹಾಕಿ, ಒಳಗೊಂದು ಗೆರೆ ಎಳೆದು, ಮುಂದೆ ಬರುವ ತಾರೀಖು ಬರೆದರು. ಅದು ಬರುವ ಮಂಗಳವಾರದ ತಾರೀಖು. ಅಂದು ಆ ಬಾಗಿಲು ತಟ್ಟಲು ಅವರು ಇರುತ್ತಾರೋ ಇಲ್ಲವೋ, ನೀವೇ ಹೇಳಬೇಕು.

ಇಂತಿ,
ನಿಮ್ಮ ಹೆಸರನ್ನು ಒಂದು ಅಡಿ ಎತ್ತರಕ್ಕೆ ಬರೆದು, ಅವರ ಬರಹವನ್ನು ಅಳಿಸಿದ,
ಹತ್ತೂ ಕಾಲ್ಬೆರಳುಗಳಿರುವ ಬೋರ್ಡ್ ಪೇಂಟರ್