ಪಟ್ಟಿಯಲ್ಲಿಲ್ಲದ ಅರವತ್ತೊಂದು ಫೈಲು

ನವೆಂಬರ್ 11, ಸೋಮವಾರ

ಬೆಳಿಗ್ಗೆಯಿಂದ ಲ್ಯಾಬಿನಲ್ಲಿ, ಕೋರ್ಟಿನ ಆದೇಶದ ಮೇಲೆ, ಥು ಬಿಂಗ್‌ಯಾನ್‌ನ ಲ್ಯಾಪ್‌ಟಾಪ್ ತಪಾಸಣೆ. ಕಾಗದದ ಗಿರಣಿಯಲ್ಲಿ ರೋಲರಿಗೆ ಸಿಕ್ಕಿ ಸತ್ತ ಎಂಜಿನಿಯರ್. ಇಪ್ಪತ್ತೊಂಬತ್ತು ವರ್ಷ. ಬಾಗಿಲು ತೆಗೆದರೆ ರೋಲರ್ ತಾನಾಗಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಯಾವುದೋ ಕಳ್ಳ ಸಾಫ್ಟ್‌ವೇರ್ ಅವನೇ ಹಾಕಿದ್ದ ಅಂತ ಗಿರಣಿಯವರ ವಾದ.

ಎರಡು ಲಕ್ಷ ಚಿಲ್ಲರೆ ಫೈಲು. ಗೊತ್ತಿರುವ ಫೈಲುಗಳ ಹ್ಯಾಶ್ ಪಟ್ಟಿಗೆ ತಾಳೆ ಹಾಕಲು ಬಿಟ್ಟು ಊಟಕ್ಕೆ ಎದ್ದೆ. ಮೆಟ್ಟಿಲ ಮೇಲೆ ಅವನ ತಾಯಿ. ಮೀನಿನ ಗಂಜಿ ಮಾರಿ, ಅಂಗಡಿ ತೊಳೆದು ನೇರ ಬಂದಿದ್ದಾರೆ.

"ಹ್ಯಾಶ್ ಅಂದ್ರೇನು ಮೇಡಂ?"

"ಫೈಲಿನ ಬೆರಳಚ್ಚು ಅಂದ್ಕೊಳ್ಳಿ ಅಕ್ಕ. ಹೆಸರು ಬದಲಾಯಿಸಿದ್ರೂ ಅದು ಬದಲಾಗಲ್ಲ. ಒಳಗೆ ಒಂದಕ್ಷರ ಮುಟ್ಟಿದ್ರೆ ಪೂರ್ತಿ ಬೇರೆ."

"ಹಾಗಾದ್ರೆ ನಮ್ಮವನು ಮುಟ್ಟಿದ್ನೋ ಇಲ್ವೋ, ಅದೇ ಹೇಳುತ್ತೆ."

ಯಾರು ಮುಟ್ಟಿದರೆಂದು ಅದು ಹೇಳಲ್ಲ. ಬಾಯಿಗೆ ಬಂತು. "ಇನ್ನೆರಡು ದಿನ ಕೊಡಿ" ಅಂದೆ, ಅಷ್ಟೇ.

ನವೆಂಬರ್ 12

ಗೊತ್ತಿರುವುದೆಲ್ಲ ಜರಡಿ ಹಿಡಿದ ಮೇಲೆ ಉಳಿದದ್ದು ಅರವತ್ತೊಂದು. ಹೆಚ್ಚಿನವು ಬೆಕ್ಕಿನ ಫೋಟೊ. ಒಂದು ಮಾತ್ರ ರೋಲರ್ ನಡೆಸುವ ಸಾಫ್ಟ್‌ವೇರ್ ಪ್ಯಾಕೇಜ್. ಹೆಸರು, ಆವೃತ್ತಿ ತಯಾರಕರದ್ದೇ. ಹ್ಯಾಶ್ ಬೇರೆ. ಯಾರೋ ತಿದ್ದಿದ್ದಾರೆ.

ಮೂರು ಸಲ ತಾಳೆ ನೋಡಿದೆ. ಪಕ್ಕದ ಮೇಜಿನ ಖೌ, "ಅಕ್ಕ, ಮನೆಯವರ ಮೇಲೂ ಇಷ್ಟೇ ಅನುಮಾನಾನಾ?" ಅಂದ. ನಗು ಬರಲಿಲ್ಲ.

ನವೆಂಬರ್ 14

ಗಿರಣಿ ಸರ್ವರಿನ ಬ್ಯಾಕಪ್ ಬಂತು. ಅದೇ ಪ್ಯಾಕೇಜ್, ಅದೇ ಹ್ಯಾಶ್ — ಮಾರ್ಚ್ ತಿಂಗಳ ಪ್ರತಿಯಲ್ಲಿ. ಬಿಂಗ್‌ಯಾನ್ ಕೆಲಸಕ್ಕೆ ಸೇರಿದ್ದು ಜೂನ್‌ನಲ್ಲಿ.

ಅವನಲ್ಲ.

ಫೋನಿಗೆ ಕೈ ಹಾಕಿದೆ. ಅಷ್ಟರಲ್ಲಿ ಉಳಿದವುಗಳಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಗಿರಣಿಯ ಮ್ಯಾನೇಜರಿಗೆ ಬರೆದ ರಾಜೀನಾಮೆ ಪತ್ರ. ಕಳಿಸಿಲ್ಲ. ಅಕ್ಟೋಬರ್ 26. "ಪ್ಯಾಕೇಜಿನ ಹ್ಯಾಶ್ ತಯಾರಕರದ್ದಕ್ಕೆ ಹೊಂದುತ್ತಿಲ್ಲ. ನಿಮಗೆ ಎರಡು ಸಲ ಹೇಳಿದ್ದೇನೆ. ಆ ಯಂತ್ರಕ್ಕೆ ಇನ್ನು ಕೈ ಹಾಕಲಾರೆ."

ಸತ್ತದ್ದು 29ಕ್ಕೆ. ಗೊತ್ತಿತ್ತು ಅವನಿಗೆ. ಮತ್ತೆ ಯಾಕೆ ಹೋದ...

ನವೆಂಬರ್ 15

ತಾಯಿಗೆ ಅರ್ಧ ಹೇಳಿದೆ. ನಿಮ್ಮ ಮಗನದು ತಪ್ಪಿಲ್ಲ ಅಂತ. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ತಾವಾಗಿಯೇ —

"ಸಾಯೋ ಮುಂಚಿನ ಭಾನುವಾರ ಬಂದಿದ್ದ. ಕೆಲಸ ಬಿಡ್ತೀನಮ್ಮ ಅಂದ. ಯಾಕೋ ಅಂದ್ರೆ, ಸುಮ್ನೆ, ಇಷ್ಟ ಇಲ್ಲ ಅಂದ. ಎಲ್ಲೂ ಒಂದು ವರ್ಷ ನಿಲ್ಲಲ್ಲ ನೀನು, ಹೊಸ ವರ್ಷದವರೆಗಾದ್ರೂ ಇರು ಅಂದೆ. ಸರಿ ಅಂದು ಎರಡು ಬಟ್ಟಲು ಗಂಜಿ ಕುಡಿದು ಹೋದ."

ಪತ್ರದ ಮಾತು ಎತ್ತಲಾಗಲಿಲ್ಲ.

ನವೆಂಬರ್ 22

ವಾರದಿಂದ ವರದಿ ಮೇಜಿನ ಮೇಲೆ. ಪತ್ರ ಬಿಟ್ಟರೂ ಅವನು ತಿದ್ದಿಲ್ಲ ಅಂತ ಸಾಬೀತಾಗುತ್ತೆ. ಆದರೆ ಗಿರಣಿಯವರಿಗೆ ಮೊದಲೇ ಗೊತ್ತಿತ್ತು ಅನ್ನೋದಕ್ಕೆ ಇರುವ ಸಾಕ್ಷಿ ಅದೊಂದೇ. ಸೇರಿಸಿದೆ. ಸಹಿ ಹಾಕಿದೆ.

ಕೋರ್ಟಿನಲ್ಲಿ ಯಾರೋ ಗಟ್ಟಿಯಾಗಿ ಓದುವಾಗ ಆಕೆ ಮೊದಲ ಸಲ ಕೇಳಬಾರದು.

ನವೆಂಬರ್ 23, ಮಧ್ಯಾಹ್ನ

ಅಂಗಡಿಗೇ ಹೋದೆ. ಗಿರಾಕಿಗಳು ಮುಗಿಯುವವರೆಗೆ ಕಾದು ಪತ್ರದ ಪ್ರತಿ ಕೊಟ್ಟೆ. ಕೈ ಒರೆಸಿಕೊಂಡು ನಿಧಾನ ಓದಿದರು. ಎರಡು ಸಲ. ತಾರೀಖಿನ ಮೇಲೆ ಬೆರಳು ನಿಂತಿತು.

"ಶನಿವಾರ ಬರೆದಿದ್ದಾನೆ."

"ಹೌದು ಅಕ್ಕ."

"ನನ್ನ ಹತ್ರ ಬಂದಿದ್ದು ಮಾರನೇ ದಿನ."

ಒಲೆ ಆರಿಸಿದರು. ನನ್ನೆದುರು ಬಂದು ಕೂತರು.

"ಮೇಡಂ, ಅವತ್ತು ನಾನು ಬಿಡು ಅಂದಿದ್ರೆ... ಇರ್ತಿದ್ನಾ?"

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಒಂದು ಸುಳ್ಳು ಜೋಡಿಸಿಕೊಂಡೇ ಹೋಗಿದ್ದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. "ಇರ್ತಿದ್ದ ಅಕ್ಕ. ಆದ್ರೆ ಯಂತ್ರ ಸರಿಯಿಲ್ಲ ಅಂತ ಅವನು ಹೇಳಿದ್ದು ನಿಮಗಲ್ಲ, ಗಿರಣಿಯವರಿಗೆ, ಎರಡು ಸಲ" ಅಂದೆ.