ಯಾರೂ ಇಲ್ಲದ ದ್ವೀಪದಿಂದ

ಅಣ್ಣನ ಮಗನಿಗೆ ಅತ್ತೆಯ ಆಶೀರ್ವಾದ, ಬೈಗುಳ ಎರಡೂ.

ನಿನ್ನ ಸಾಹಸದ ಕಾದಂಬರಿಯನ್ನು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದೆ. ನೀನು ಹುಟ್ಟಿ ಬೆಳೆದ ಈ ದ್ವೀಪದಲ್ಲಿ ಒಂದು ನರಪಿಳ್ಳೆಯೂ ಇಲ್ಲ ಅಂತ ಬರೆದಿದ್ದೀಯಲ್ಲೋ, ನಿನಗೆ ತುತ್ತು ತಿನ್ನಿಸಿದ್ದು ದೆವ್ವವೇ?

ಅದನ್ನು ಓದಿದವರು ಈಗ ದೋಣಿ ತುಂಬಿಕೊಂಡು ದ್ವೀಪ ನೋಡಲು ಬರುತ್ತಾರೆ. "ಅವರು ಹೋಗೋವರೆಗೆ ನೀವೆಲ್ಲ ಬಾಗಿಲು ಹಾಕ್ಕೊಂಡು ಒಳಗಿರಿ. ಇಲ್ಲಾಂದ್ರೆ ನಿಮಗೆ ಅಕ್ಕಿ ತರಲ್ಲ" ಅಂದ ದೋಣಿಯವನು.

"ನಮ್ಮೂರಲ್ಲಿ ನಾವೇ ಬಚ್ಚಿಟ್ಕೋಬೇಕೇನೋ? ಹೋಗೋ!" ಅಂದೆ.

ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡರೂ ಸರಿ, ನಾವು ದಡ ಬಿಟ್ಟು ಕದಲುವುದಿಲ್ಲ. ನೀನು ಅದೇ ದೋಣಿಯಲ್ಲಿ ಒಂದು ಮೂಟೆ ಅಕ್ಕಿ ಹೊತ್ತುಕೊಂಡು ಬಾ. ಇಳಿಯುವಾಗ, ಬಂದವರಿಗೆಲ್ಲ ಕೇಳುವ ಹಾಗೆ, ನನ್ನನ್ನು ಅತ್ತೆ ಅಂತ ಕೂಗು.

ದಡದಲ್ಲೇ ನಿಂತಿರುವ
ನಿನ್ನ ಅತ್ತೆ